ವೇಷದ ಖರ್ಚು ಯಾರ ಖಾತೆಗೆ?

ಕಳೆದ ತಿಂಗಳ ಕೂಟದಲ್ಲಿ ಎದ್ದ ಜಗಳ ಅರ್ಧಕ್ಕೇ ನಿಂತಿತು. ಕೋಣೆಗೆ ಬೀಗ ಹಾಕುವ ಹೊತ್ತಾಗಿ ವಾಚ್‌ಮನ್ ಬಾಗಿಲಲ್ಲಿ ಬಂದು ನಿಂತಿದ್ದ. ಹಿಮಾಯತ್‌ನಗರದ ರಸ್ತೆಗಿಳಿದ ಮೇಲೂ ಲಿಬರ್ಟಿ ಸರ್ಕಲ್‌ವರೆಗೆ ವಾದಿಸುತ್ತಲೇ ಹೋದೆವು. ಅಲ್ಲಿ ನನ್ನ ಎದುರಾಳಿಗೆ ಬಸ್ಸು ಸಿಕ್ಕಿತು. ನನಗೆ ಉತ್ತರ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ ಅನ್ನಿಸುತ್ತದೆ, ಅದಕ್ಕೇ ಈ ಬರಹ. ಸಂಪಾದಕರು ಪುಟ ಕಡಿಮೆ ಇದೆ, ಸ್ಟೆನ್ಸಿಲ್ ಉಳಿಸಿ ಬರೆಯಿರಿ ಅಂದಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಜಗಳದ ವಿಷಯ ಇಷ್ಟು. ನಮ್ಮ ಗೆಳೆಯನೊಬ್ಬ (ಇಂಗ್ಲಿಷ್ ಮೀಡಿಯಂನವನು, ಆದರೂ ಕೂಟಕ್ಕೆ ತಪ್ಪದೆ ಬರುತ್ತಾನೆ, ಆ ಮಟ್ಟಿಗೆ ಅವನಿಗೆ ನಮಸ್ಕಾರ) ಹ್ಯಾರಿ ಪಾಟರ್ ಪುಸ್ತಕಗಳ ಬಗ್ಗೆ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಆ ಲೋಕದಲ್ಲಿ ರೂಪ ಬದಲಿಸುವುದಕ್ಕೆ ಜಾತಿಗೊಂದು ಕಟ್ಟಳೆ ಇದೆಯಂತೆ. ಪ್ರಾಣಿಯಾಗಬಲ್ಲ ಮಂತ್ರವಾದಿ ಆ ವಿದ್ಯೆಯನ್ನು ಕಷ್ಟಪಟ್ಟು ಕಲಿಯಬೇಕು, ಕಲಿತ ಮೇಲೆ ಸರ್ಕಾರದ ದಫ್ತರದಲ್ಲಿ ಹೆಸರು ಬರೆಸಬೇಕು. ಹುಟ್ಟಿನಿಂದಲೇ ಮೂಗು ಕೂದಲು ಬದಲಿಸಬಲ್ಲವರು ಬೇರೆ. ತೋಳಮನುಷ್ಯನಿಗೆ ಹುಣ್ಣಿಮೆ ಬಂದರೆ ಮುಗಿಯಿತು, ಬೇಡ ಅಂದರೂ ತೋಳವಾಗಲೇಬೇಕು. ಇನ್ನೊಬ್ಬರ ಕೂದಲು ಹಾಕಿ ಕುದಿಸಿದ ಕಷಾಯ ಕುಡಿದರೆ ಒಂದು ಗಂಟೆ ಅವರಂತೆ ಆಗಬಹುದು. ತಪ್ಪಿ ಬೆಕ್ಕಿನ ಕೂದಲು ಬಿದ್ದರೆ ಮುಖದ ತುಂಬ ರೋಮ ಬೆಳೆದು ವಾರಗಟ್ಟಲೆ ಹಾಸಿಗೆ ಹಿಡಿಯಬೇಕು. ಇಷ್ಟನ್ನೂ ಹೇಳಿ ಕೊನೆಗೆ ನನ್ನ ಕಡೆ ತಿರುಗಿ ಅಂದ: "ನಿಮ್ಮ ಪುರಾಣದಾಗ ಏನೈತಿ? ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಏನು ಬೇಕಾದ್ರೂ ಆಗಬಹುದು. ಎಲ್ಲಾ ಮಾಯೆ. ಲಾಜಿಕ್ಕೇ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸಿಟ್ಟು ಬಂತು. "ನಿಮ್ಮ ಪುರಾಣ" ಅಂದದ್ದಕ್ಕೆ ಬಂದ ಸಿಟ್ಟೇ ಹೆಚ್ಚೆಂದು ಒಪ್ಪಿಕೊಳ್ಳುತ್ತೇನೆ. ಅವನೇನು ಲಂಡನ್ನಿನಲ್ಲಿ ಹುಟ್ಟಿದವನೇ?

ನಾನು ಸಾಹಿತ್ಯದ ವಿದ್ಯಾರ್ಥಿ ಅಲ್ಲ, ಕಾಮರ್ಸ್‌ನವನು. ಹತ್ತನೆಯವರೆಗೆ ಸಿಂಧನೂರು ತಾಲೂಕಿನ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿ, ಇಲ್ಲಿಗೆ ಬಂದ ಮೇಲೆ ಡೆಬಿಟ್ಟು ಕ್ರೆಡಿಟ್ಟುಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವನು. ಹೀಗಾಗಿ ನನ್ನ ಉತ್ತರವೂ ಲೆಕ್ಕದ ಪುಸ್ತಕದಿಂದಲೇ ಬಂತು. ಜಮಾ ಇದ್ದಲ್ಲಿ ಖರ್ಚು ಇರಲೇಬೇಕು, ಒಂದು ಖಾತೆಯಲ್ಲಿ ಕಾಣದಿದ್ದರೆ ಇನ್ನೊಂದು ಖಾತೆಯಲ್ಲಿ ಹುಡುಕಬೇಕು. ನಮ್ಮ ಕಥೆಗಳಲ್ಲಿ ರೂಪ ಬದಲಾದಾಗಲೂ ಯಾರೋ ಒಬ್ಬರು ಅದರ ಖರ್ಚು ಭರಿಸುತ್ತಾರೆ. ಯಾರು ಭರಿಸುತ್ತಾರೆ ಎಂಬುದರಲ್ಲಿ ದೇವತೆಗೂ ರಾಕ್ಷಸನಿಗೂ ನಾಗನಿಗೂ ನರನಿಗೂ ವ್ಯತ್ಯಾಸವಿದೆ. ಗೆಳೆಯ ಇಲ್ಲ ಅಂದ ಕಟ್ಟಳೆ ಇದೇ.

ಮೊದಲು ದೇವತೆಗಳನ್ನು ನೋಡೋಣ. ದಮಯಂತಿಯ ಸ್ವಯಂವರದ ಕಥೆ ನಿಮಗೆಲ್ಲ ಗೊತ್ತು. ಕನಕದಾಸರು ನಳಚರಿತ್ರೆಯನ್ನೇ ಬರೆದಿದ್ದಾರೆ, ಮೂಲ ಭಾರತದ ವನಪರ್ವದಲ್ಲಿದೆ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲೇ ಬಂದು ಕೂತರು. ಐದು ಜನ ನಳರು! ಮುಖದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ದಮಯಂತಿ ಕಂಡುಹಿಡಿದದ್ದು ಹೇಗೆ? ನಾಲ್ವರಿಗೆ ನೆರಳಿರಲಿಲ್ಲ, ಬೆವರಿರಲಿಲ್ಲ, ರೆಪ್ಪೆ ಬಡಿಯುತ್ತಿರಲಿಲ್ಲ, ಕಾಲು ನೆಲಕ್ಕೆ ತಾಗಿರಲಿಲ್ಲ, ಕೊರಳ ಹೂಮಾಲೆ ಬಾಡಿರಲಿಲ್ಲ. ಐದನೆಯವನು ಬೆವರಿದ್ದ, ಮೈಮೇಲೆ ಧೂಳಿತ್ತು, ಹೂ ಬಾಡಿತ್ತು. ಅವನಿಗೇ ಮಾಲೆ ಹಾಕಿದಳು. ದೇವರು ಮನುಷ್ಯನ ಮುಖವನ್ನು ತೆಗೆದುಕೊಳ್ಳಬಲ್ಲ, ಮನುಷ್ಯನ ಬೆವರನ್ನು ತೆಗೆದುಕೊಳ್ಳಲಾರ ಎಂಬುದು ಕಟ್ಟಳೆಯಲ್ಲದೆ ಮತ್ತೇನು? ದಫ್ತರದಲ್ಲಿ ಹೆಸರು ಬರೆಸುವುದಕ್ಕಿಂತ ಇದು ಗಟ್ಟಿಯಾದ ಕಟ್ಟಳೆ ಅಂತ ನನ್ನ ಅಭಿಪ್ರಾಯ.

ಹಾಗಾದರೆ ದೇವತೆಗಳ ವೇಷಕ್ಕೆ ಖರ್ಚೇ ಇಲ್ಲವೇ ಅಂದರೆ, ಇದೆ. ಅವರ ಖಾತೆಯಲ್ಲಿ ಇಲ್ಲ ಅಷ್ಟೆ. ಶಿಬಿಯ ಕಥೆಯಲ್ಲಿ ಇಂದ್ರ ಗಿಡುಗನಾದ, ಅಗ್ನಿ ಪಾರಿವಾಳವಾದ. ಇಬ್ಬರಿಗೂ ಅದು ಪರೀಕ್ಷೆಯ ಆಟ. ಪಾರಿವಾಳದ ತೂಕಕ್ಕೆ ಸರಿಯಾಗಿ ತಕ್ಕಡಿಯಲ್ಲಿ ತೊಡೆಯ ಮಾಂಸ ಕೊಯ್ದು ಇಟ್ಟವನು ಶಿಬಿ. ಇಟ್ಟಷ್ಟೂ ಪಾರಿವಾಳ ಭಾರವಾಗುತ್ತ ಹೋಯಿತು. ಇಂದ್ರ ಬ್ರಾಹ್ಮಣನಾಗಿ ಬಂದಾಗ ಕರ್ಣ ಮೈಗೆ ಅಂಟಿದ ಕವಚವನ್ನೇ ಸುಲಿದು ಕೊಟ್ಟ. ಪ್ರತಿಯಾಗಿ ಒಂದು ಶಕ್ತ್ಯಾಯುಧ ಸಿಕ್ಕಿತು ನಿಜ, ಅದೂ ಒಂದೇ ಸಲ ಉಪಯೋಗಿಸತಕ್ಕದ್ದು ಎಂಬ ಷರತ್ತಿನ ಮೇಲೆ. ಗೌತಮನ ರೂಪದಲ್ಲಿ ಬಂದ ಇಂದ್ರನಿಗೆ ಶಾಪ ತಟ್ಟಿತಲ್ಲ ಅಂತ ನೀವು ಕೇಳಬಹುದು. ತಟ್ಟಿತು. ಆದರೆ ಸ್ವರ್ಗ ಅವನಿಗೆ ಉಳಿಯಿತು, ಕಾಲವೆಲ್ಲ ಆಶ್ರಮದಲ್ಲಿ ಬಿದ್ದಿದ್ದವಳು ಅಹಲ್ಯೆ. ದೇವರು ವೇಷ ಹಾಕಿದರೆ ಬಿಲ್ಲು ಮನುಷ್ಯನ ಮನೆಗೆ ಬರುತ್ತದೆ. ಭಕ್ತರು ಸಿಟ್ಟಾಗಬಾರದು, ಕಥೆಯಲ್ಲಿ ಇರುವುದನ್ನೇ ಹೇಳುತ್ತಿದ್ದೇನೆ.

ರಾಕ್ಷಸರ ಮಾತೇ ಬೇರೆ. ಅವರಿಗೆ "ಕಾಮರೂಪಿ" ಅಂತ ಹೆಸರೇ ಇದೆ, ಅಂದರೆ ಬೇಕಾದ ರೂಪ ತಾಳಬಲ್ಲವರು. ಗೆಳೆಯನ ದೂರು ಮುಖ್ಯವಾಗಿ ಇವರ ಮೇಲೆಯೇ ಇರಬೇಕು. ಆದರೆ ರಾಕ್ಷಸನ ವೇಷ ಭಾರ ತಡೆಯುವುದಿಲ್ಲ ಎಂಬುದನ್ನು ಗಮನಿಸಿ. ಭಾಗವತದ ಪ್ರಲಂಬಾಸುರ ಗೊಲ್ಲರ ಹುಡುಗನಾಗಿ ಕೃಷ್ಣ ಬಲರಾಮರ ಜೊತೆ ಆಟಕ್ಕೆ ಬಂದ. ಸೋತವರು ಗೆದ್ದವರನ್ನು ಬೆನ್ನ ಮೇಲೆ ಹೊರಬೇಕು ಅನ್ನುವ ಆಟ. ಇವನ ಬೆನ್ನಿಗೆ ಬಲರಾಮ ಬಂದ. ಹೊತ್ತುಕೊಂಡು ಓಡಿದವನಿಗೆ ಬಲರಾಮನ ಭಾರ ತಡೆಯಲಾಗಲಿಲ್ಲ, ವೇಷ ಬಿಟ್ಟುಹೋಯಿತು, ದೊಡ್ಡ ದೈತ್ಯನ ಮೈ ಹೊರಗೆ ಬಂತು. ನಾವೂ ಸಣ್ಣವರಿದ್ದಾಗ ಉಪ್ಪುಮೂಟೆ ಆಡಿದವರೇ, ಈ ಪ್ರಸಂಗ ನನಗೆ ಅದಕ್ಕೇ ಇಷ್ಟ. ಇನ್ನು ಸಾವು ಬಂದರೆ ಯಾವ ರಾಕ್ಷಸನ ವೇಷವೂ ನಿಲ್ಲುವುದಿಲ್ಲ. ಪೂತನಿ ಚೆಲುವೆಯಾಗಿ ಬಂದಳು, ಸತ್ತು ಬಿದ್ದದ್ದು ಬೆಟ್ಟದಂಥ ರಕ್ಕಸಿ. ಮಹಿಷಾಸುರ ಕೋಣ, ಸಿಂಹ, ಮನುಷ್ಯ, ಆನೆ ಎಲ್ಲ ಆಗಿ ಮತ್ತೆ ಕೋಣವಾದ. ಕೊನೆಗೆ ಕೋಣದ ಬಾಯೊಳಗಿಂದ ಅರ್ಧ ಹೊರಗೆ ಬಂದಿದ್ದಾಗಲೇ ದೇವಿ ಅವನನ್ನು ಕೊಂದಳು. ಎರಡು ರೂಪದ ನಡುವೆ ಸಿಕ್ಕಿಬಿದ್ದವನ ಹೆಸರನ್ನು ಮೈಸೂರು ಇವತ್ತಿಗೂ ಇಟ್ಟುಕೊಂಡಿದೆ.

ಎಲ್ಲರಿಗಿಂತ ಪಾಪ ಅನ್ನಿಸುವವನು ಮಾರೀಚ. ಬಂಗಾರದ ಜಿಂಕೆಯಾಗುವುದು ಅವನ ಆಸೆಯಾಗಿರಲಿಲ್ಲ. ರಾಮನ ಬಾಣದ ರುಚಿ ಹಿಂದೆ ಒಮ್ಮೆ ಕಂಡವನು, ಬೇಡಪ್ಪಾ ಅಂತ ರಾವಣನಿಗೆ ಪರಿಪರಿಯಾಗಿ ಹೇಳಿದ. ಹೋಗದಿದ್ದರೆ ನಾನೇ ಕೊಲ್ಲುತ್ತೇನೆ ಅಂದ ರಾವಣ. ಹೇಗೂ ಸಾಯುವುದೇ ಆದರೆ ರಾಮನ ಕೈಯಲ್ಲಿ ಸಾಯೋಣ ಅಂತ ಹೊರಟ. ಧಣಿಯ ಕೆಲಸಕ್ಕೆ ಆಳು ಹಾಕಿದ ವೇಷ ಅದು. ಬಾಣ ತಾಗಿದಾಗ ಜಿಂಕೆಯ ಮೈ ಹೋಯಿತು. ಕೊನೆಯ ಉಸಿರಿನಲ್ಲಿ ರಾಮನ ಧ್ವನಿಯನ್ನು ಅನುಕರಿಸಿ ಕೂಗಿದ ಕೂಗೂ ಒಡೆಯನ ಕೆಲಸಕ್ಕೇ ಹೋಯಿತು. ಅವನಿಗಾಗಿ ಅತ್ತವರು ಯಾರೂ ಕಥೆಯಲ್ಲಿ ಕಾಣುವುದಿಲ್ಲ.

ನಮ್ಮ ಕೂಟದ ಕುಂದಾಪುರ ಕಡೆಯ ಸಹಪಾಠಿ ಒಂದು ಸಂಗತಿ ಹೇಳಿದಳು. ಯಕ್ಷಗಾನದ ಪಂಚವಟಿ ಪ್ರಸಂಗದಲ್ಲಿ ಮಾಯಾ ಶೂರ್ಪನಖಿ ಬೇರೆ ವೇಷ, ಘೋರ ಶೂರ್ಪನಖಿ ಬೇರೆ ವೇಷ. ಮೊದಲಿನದು ಸ್ತ್ರೀವೇಷ, ಎರಡನೆಯದು ಬಣ್ಣದ ವೇಷ, ಇಬ್ಬರು ಕಲಾವಿದರು. ರಂಗದ ಅನುಕೂಲಕ್ಕೆ ಹಾಗೆ ಮಾಡಿದರೋ ಏನೋ, ಅರ್ಥ ಮಾತ್ರ ಸರಿಯಾಗಿದೆ. ರಾಕ್ಷಸಿಯ ಮಾಯಾರೂಪ ಅವಳ ಮೈಯೇ ಅಲ್ಲ, ಬೇರೆಯವರ ಮೈ. ಇದಕ್ಕೆ ತಿರುಗುಮುರುಗಾಗಿ ನೋಡಬೇಕಾದರೆ ಹೈದರಾಬಾದಿನವರಿಗೆ 1957ರ ತೆಲುಗು "ಮಾಯಾಬಜಾರ್" ಇದ್ದೇ ಇದೆ. ಘಟೋತ್ಕಚ ಶಶಿರೇಖೆಯ ರೂಪ ತಾಳಿ ಮದುವೆ ಮನೆ ಸೇರುತ್ತಾನೆ. ಎಸ್. ವಿ. ರಂಗರಾವ್ ಮಾಯವಾಗಿ ಸಾವಿತ್ರಿ ಕಾಣುತ್ತಾಳೆ, ಆದರೆ ಆ ನಡಿಗೆ, ಆ ಹುಬ್ಬು, ಮದುಮಗನ ಕಾಲು ತುಳಿಯುವ ಆ ತುಳಿತ ಎಲ್ಲ ರಂಗರಾವ್‌ದೇ! ನಾನಿರುವ ಕೋಣೆಯ ಮನೆಯ ಒಡತಿ ಆ ಸಿನಿಮಾ ಟಿ.ವಿ.ಯಲ್ಲಿ ಬಂದರೆ ನಮ್ಮನ್ನೂ ಕೂಗಿ ಕೂರಿಸುತ್ತಾರೆ. ರೂಪ ಹುಡುಗಿಯದು, ತೂಕ ರಾಕ್ಷಸನದು. ಪ್ರಲಂಬನಿಗೆ ಆದದ್ದೇ ಇಲ್ಲಿ ನಗೆಯಾಗಿದೆ.

ಕಪಿಗಳಲ್ಲಿ ಬದಲಾಗುವುದು ಹೆಚ್ಚಾಗಿ ಗಾತ್ರ. ಸುರಸೆ ಬಾಯಿ ದೊಡ್ಡದು ಮಾಡಿದಷ್ಟೂ ಹನುಮಂತ ಬೆಳೆದ, ತಟ್ಟನೆ ಹೆಬ್ಬೆರಳಷ್ಟಾಗಿ ಒಳಹೊಕ್ಕು ಹೊರಬಂದ. ಲಂಕೆಗೆ ನುಗ್ಗುವಾಗ ಬೆಕ್ಕಿನಷ್ಟಾದ. ಇದನ್ನೆಲ್ಲ ಅಮರ ಚಿತ್ರಕಥೆಯಲ್ಲೇ ಓದಿರುತ್ತೀರಿ. ಆದರೆ ಅಶೋಕವನದ ಮರದ ಮೇಲೆ ಕೂತಾಗ ಅವನಿಗೆ ಹತ್ತಿದ ಚಿಂತೆಯನ್ನು ಗಮನಿಸಿದ್ದೀರಾ? ವಾಲ್ಮೀಕಿಯಲ್ಲಿ ಅದು ಸ್ಪಷ್ಟವಾಗಿದೆ. ಪಂಡಿತರಂತೆ ಸಂಸ್ಕೃತದಲ್ಲಿ ಮಾತಾಡಿದರೆ ಸೀತೆ ತನ್ನನ್ನು ರಾವಣ ಅಂದುಕೊಂಡು ಹೆದರಿಯಾಳು, ಆದ್ದರಿಂದ ಸಾಮಾನ್ಯ ಮನುಷ್ಯರ ಮಾತಿನಲ್ಲಿ ಮಾತಾಡಬೇಕು ಅಂತ ನಿಶ್ಚಯಿಸುತ್ತಾನೆ. ಸಮುದ್ರ ಹಾರಿದವನಿಗೆ, ಮೈ ಹಿಗ್ಗಿಸಿ ಕುಗ್ಗಿಸಬಲ್ಲವನಿಗೆ ಯಾವ ಭಾಷೆಯಲ್ಲಿ ಬಾಯಿ ತೆರೆಯಬೇಕು ಅನ್ನುವುದು ಕಷ್ಟದ ಪ್ರಶ್ನೆಯಾಯಿತು. ಹಳ್ಳಿಯಿಂದ ಬಂದು ಇಲ್ಲಿ ಮೊದಲ ಸಲ ಕ್ಲಾಸಿನಲ್ಲಿ ಎದ್ದು ನಿಂತ ಯಾರಿಗಾದರೂ ಇದು ಅರ್ಥವಾಗುತ್ತದೆ.

ನಾಗರಿಗೆ ಬರೋಣ. ನಾಗ ಏನೇ ಆಗಲಿ ವಿಷ ಹಾಗೇ ಇರುತ್ತದೆ. ತಕ್ಷಕ ಹಣ್ಣಿನೊಳಗಿನ ಸಣ್ಣ ಹುಳುವಾಗಿ ಪರೀಕ್ಷಿತನ ಹತ್ತಿರ ಹೋದ, ಹುಳುವಾದರೂ ಕೊಂದ. ಮೈಯ ಗಾಯವೂ ಹಾಗೇ ಇರುತ್ತದೆ. ಗಿರೀಶ ಕಾರ್ನಾಡರ "ನಾಗಮಂಡಲ" (1988) ನೀವು ಓದಿರುತ್ತೀರಿ, ಇಲ್ಲವಾದರೆ ನಾಗಾಭರಣರ 1997ರ ಸಿನಿಮಾ ನೋಡಿರುತ್ತೀರಿ. ಹಗಲು ಬರುವ ಅಪ್ಪಣ್ಣ ಗಂಡ, ರಾತ್ರಿ ಬರುವ ಅಪ್ಪಣ್ಣ ನಾಗ. ಮುಖ ಒಂದೇ, ಪ್ರೀತಿ ಮಾತ್ರ ರಾತ್ರಿಯವನದು. ನಾಟಕದಲ್ಲಿ ರಾಣಿ ಅವನ ಮೈ ತಣ್ಣಗಿದೆ ಅನ್ನುತ್ತಾಳೆ, ಮುಂಗುಸಿ ಕಚ್ಚಿದ ಗಾಯ ಗಂಡನ ರೂಪದಲ್ಲೂ ಕಾಣುತ್ತದೆ, ಕನ್ನಡಿಯಲ್ಲಿ ಹಾವೇ ಕಾಣುತ್ತದೆ. ರಾಕ್ಷಸನಿಗೆ ಭಾರ ಹೇಗೋ ನಾಗನಿಗೆ ಕನ್ನಡಿ ಹಾಗೆ. ಕನ್ನಡಿ ಅಂದಾಗ ನೆನಪಾಯಿತು, ನಮ್ಮೂರಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಒಂದೇ ಮರದಲ್ಲಿ ಕೆತ್ತಿದ ಎರಡು ಮುಖದ ಬೊಂಬೆ ಇದೆ. ಎದುರಿಗೆ ಸೆಟೆದು ನಿಂತ ಮೆಫಿಸ್ಟೊಫಿಲಿಸ್ ಅನ್ನುವ ಸೈತಾನ, ಹಿಂದಿನ ಕನ್ನಡಿಯಲ್ಲಿ ತಲೆ ತಗ್ಗಿಸಿದ ಮಾರ್ಗರೆಟ್ಟಾ. ("ನಮ್ಮೂರಿನ" ಅಂತ ಬರೆದದ್ದು ಬರೆದ ಮೇಲೆ ಕಂಡಿತು. ಇರಲಿ, ಹೊಡೆದುಹಾಕುವುದಿಲ್ಲ.) ಯುರೋಪಿನ ಬೊಂಬೆಯ ಕನ್ನಡಿಯಲ್ಲಿ ಪಾಪದ ಹುಡುಗಿ ಕಾಣುತ್ತಾಳೆ, ನಮ್ಮ ನಾಟಕದ ಕನ್ನಡಿಯಲ್ಲಿ ಹಾವು ಕಾಣುತ್ತದೆ. ಆದರೂ ಆ ಹಾವೇ ಒಳ್ಳೆಯದು.

ಇನ್ನು ಮನುಷ್ಯ. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ.

ಮನುಷ್ಯನಿಗೆ ಸ್ವಂತ ಬಂಡವಾಳವಿಲ್ಲ. ಅವನ ರೂಪ ಬದಲಾಗಬೇಕಾದರೆ ಇನ್ನೊಬ್ಬರ ಕೈ ಬೇಕು. ಋಷಿಯ ಶಾಪ ಬೇಕು, ನಹುಷ ಹೆಬ್ಬಾವಾದದ್ದು ಹಾಗೆ. ಅಥವಾ ಸಾಲ ತರಬೇಕು. ಸಾಲದ ಕಥೆ ಅಂದರೆ ಶಿಖಂಡಿಯದು, ಯಾಕೋ ಇದನ್ನು ಯಾರೂ ಆ ದೃಷ್ಟಿಯಿಂದ ಹೇಳುವುದಿಲ್ಲ. ಹೆಣ್ಣಾಗಿ ಹುಟ್ಟಿ ಗಂಡೆಂದು ಬೆಳೆದು, ಮದುವೆಯೂ ಆಗಿ, ಗುಟ್ಟು ರಟ್ಟಾದಾಗ ಕಾಡಿಗೆ ಸಾಯಲು ಹೋದವಳಿಗೆ ಸ್ಥೂಣ ಎಂಬ ಯಕ್ಷ ತನ್ನ ಗಂಡುತನವನ್ನು ಸ್ವಲ್ಪ ಕಾಲಕ್ಕೆ ಕೈಗಡ ಕೊಟ್ಟ. ಅವಳ ಹೆಣ್ಣುತನವನ್ನು ತಾನಿಟ್ಟುಕೊಂಡ. ಕುಬೇರ ಬಂದ, ಯಕ್ಷ ನಾಚಿ ಎದುರಿಗೆ ಬರಲಿಲ್ಲ, ಕುಬೇರನಿಗೆ ಸಿಟ್ಟು ಬಂತು, ಹೀಗೇ ಇರು ಅಂತ ಶಪಿಸಿದ. ಕೊನೆಗೆ ಶಿಖಂಡಿ ಸಾಯುವವರೆಗೆ ಅಂತ ಅವಧಿ ಗೊತ್ತಾಯಿತು. ಮಾತಿಗೆ ಸರಿಯಾಗಿ ಸಾಲ ತೀರಿಸಲು ಬಂದ ಶಿಖಂಡಿಯನ್ನು ಯಕ್ಷನೇ ತಿರುಗಿ ಕಳಿಸಿದ. ಸಾಲ ಕೊಟ್ಟವನು ಮುಳುಗಿದ, ತಂದವನು ಉಳಿದ, ಇಬ್ಬರೂ ಪ್ರಾಮಾಣಿಕರು. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಇಂಥ ಸಾಲಕ್ಕೆ ಒಂದೂ ಉದಾಹರಣೆ ಇಲ್ಲ.

ನಳನ ಕಡೆಗೇ ಮತ್ತೆ ಬರೋಣ. ಸ್ವಯಂವರದಲ್ಲಿ ದೇವತೆಗಳು ಅವನ ರೂಪವನ್ನು ಸುಮ್ಮನೆ ಹಾಕಿಕೊಂಡರು, ಸುಮ್ಮನೆ ಬಿಚ್ಚಿಟ್ಟರು. ಅದೇ ನಳ ರೂಪ ಬದಲಿಸಬೇಕಾದಾಗ ಏನಾಯಿತು? ರಾಜ್ಯ ಹೋಗಿತ್ತು, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು ಬಂದಿದ್ದ. ಕಾಡುಗಿಚ್ಚಿನಲ್ಲಿ ಸಿಕ್ಕಿಕೊಂಡಿದ್ದ ಕಾರ್ಕೋಟಕನನ್ನು ಎತ್ತಿ ಹೊರಗೆ ತಂದ. ಹೆಜ್ಜೆ ಎಣಿಸುತ್ತ ನಡೆ ಅಂದಿತು ನಾಗ, ಹತ್ತನೆಯ ಹೆಜ್ಜೆಗೆ ಕಚ್ಚಿತು. ನಳ ಕುರೂಪಿ ಬಾಹುಕನಾದ. ಒಳಗಿದ್ದ ಕಲಿಯನ್ನು ಆ ವಿಷವೇ ಸುಡುತ್ತಿತ್ತು ಅನ್ನುವುದು ನಿಜ, ಆದರೂ ಕಚ್ಚಿಸಿಕೊಂಡದ್ದು ಅವನ ಮೈ. ನಾಗ ಎರಡು ಬಟ್ಟೆ ಕೊಟ್ಟು, ಹಳೆಯ ರೂಪ ಬೇಕಾದಾಗ ಉಡು ಅಂತ ಹೇಳಿತು. ಋತುಪರ್ಣನ ಲಾಯದಲ್ಲಿ ಕುದುರೆ ನೋಡಿಕೊಂಡು ಬದುಕಿದ. ಮುಖ ಹೋಯಿತು, ಕೆಲಸ ಹೋಗಲಿಲ್ಲ. ಕುದುರೆ ಓಡಿಸುವ ಕೈ ಅದೇ, ಅಡಿಗೆ ಮಾಡುವ ಕೈ ಅದೇ. ದಮಯಂತಿ ಅವನು ಮಾಡಿದ ಅಡಿಗೆಯನ್ನು ತರಿಸಿ ರುಚಿ ನೋಡಿ ಗುರುತು ಹಿಡಿದಳು. ಮೊದಲು ಬೆವರಿನಿಂದ ಗುರುತಿಸಿದವಳು, ಆಮೇಲೆ ರುಚಿಯಿಂದ.

ನಮ್ಮಜ್ಜಿ ಹೇಳುತ್ತಿದ್ದ ಹೂವಿನ ಗಿಡದ ಹುಡುಗಿಯ ಕಥೆಯಲ್ಲೂ ಇದೇ ಇದೆ. ಎ. ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ಕೊಟ್ಟ ಮೇಲೆ ಈ ಕಥೆ ದೇಶಾಂತರ ಹೋಯಿತು. ಕಾರ್ನಾಡರು "ಚೆಲುವಿ" (1992) ಅಂತ ಸಿನಿಮಾ ಮಾಡಿದರು, 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕನ್ ಸಂಗೀತಗಾರ ಅದನ್ನು ಅಪೆರಾ ಮಾಡಿದ. ನಮ್ಮಜ್ಜಿಗೆ ಇದಾವುದೂ ಗೊತ್ತಿಲ್ಲ. ಎರಡು ಕೊಡ ನೀರು, ಉಗುರು ತಾಗಿಸದೆ ತರಬೇಕು. ಒಂದು ಕೊಡ ಸುರಿದರೆ ಹುಡುಗಿ ಗಿಡವಾಗುತ್ತಾಳೆ. ಟೊಂಗೆ ಮುರಿಯದೆ ಹೂ ಮಾತ್ರ ಬಿಡಿಸಿಕೊಳ್ಳಬೇಕು. ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿ. ಬಡತನಕ್ಕೆ ಅಕ್ಕತಂಗಿಯರು ಹೂ ಮಾರಿದರು. ಅಕ್ಕನ ಕೈಯಲ್ಲಿ ಏನೂ ತೊಂದರೆ ಆಗಲಿಲ್ಲ. ಅರಮನೆ ಸೇರಿದ ಮೇಲೆ ನಾದಿನಿ ಗೆಳತಿಯರ ಜೊತೆ ಸೇರಿ ಟೊಂಗೆ ಮುರಿದಳು, ಎರಡನೆಯ ಕೊಡವನ್ನು ನೆಟ್ಟಗೆ ಸುರಿಯದೆ ಓಡಿಹೋದಳು. ಹುಡುಗಿ ಕೈಯಿಲ್ಲದ ಕಾಲಿಲ್ಲದ ಮುಂಡವಾಗಿ ಗಟಾರದಲ್ಲಿ ಬಿದ್ದಳು. ರೂಪ ಬದಲಿಸುವ ಶಕ್ತಿ ಅವಳದೇ, ತಿರುಗಿ ಬರುವ ಶಕ್ತಿ ಮಾತ್ರ ನೀರು ಸುರಿಯುವವರ ಕೈಯಲ್ಲಿ. ಅಜ್ಜಿ ಇಲ್ಲಿಗೆ ಬಂದಾಗ ಪ್ರತಿ ಸಲ ಕಥೆ ನಿಲ್ಲಿಸಿ "ಇನ್ನೊಂದು ಕೊಡ ಯಾರು ಹಾಕ್ತಾರ ಅಂತ ಮೊದ್ಲು ನೋಡ್ಕೋಬೇಕವ್ವಾ" ಅನ್ನುತ್ತಿದ್ದಳು. ನನಗೂ "ಅವ್ವಾ" ಅಂತಲೇ ಹೇಳುತ್ತಿದ್ದಳು, ಕಥೆಯೊಳಗಿನ ಹುಡುಗಿಗೆ ಹೇಳಿದ ಹಾಗೆ.

ಈಗ ನನ್ನದೇ ಒಂದು ಸಂಗತಿ ಹೇಳಬೇಕು, ಇಲ್ಲದಿದ್ದರೆ ಈ ಲೇಖನ ಬರೆಯುವ ಅಧಿಕಾರ ನನಗಿಲ್ಲ.

ಮೊದಲ ವರ್ಷ ನಾನು ತೆಲುಗಿನ ಹುಡುಗನಾಗಿದ್ದೆ. ಯಾರೂ ಹಾಗೆ ಆಗು ಅಂತ ಹೇಳಿರಲಿಲ್ಲ. ನಮ್ಮ ಕಡೆ ತೆಲುಗು ಕಿವಿಗೆ ಬಿದ್ದೇ ಬೆಳೆಯುತ್ತೇವೆ, ಸಲೀಸಾಗಿತ್ತು. ಮನೆತನದ ಹೆಸರನ್ನು ಇಲ್ಲಿಯವರಂತೆ ಮುಂದಕ್ಕೆ ತಂದು ಬರೆದೆ. ಊರು ಕೇಳಿದರೆ "ಬಾರ್ಡರ್" ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ಅವ್ವ ಕಣ್ಣು ತೋರಿಸಲಿಕ್ಕೆ ಅಂತ ಊರಿಂದ ಬಂದವಳು ದಾರಿ ಕೇಳುತ್ತ ಕಾಲೇಜಿನ ಗೇಟಿಗೇ ಬಂದಳು, ಕಂಕುಳಲ್ಲಿ ಜೋಳದ ರೊಟ್ಟಿಯ ಗಂಟು. ನಾನು ಗೆಳೆಯರ ಜೊತೆ ನಿಂತಿದ್ದೆ. "ಎಪ್ಪುಡು ವಚ್ಚಾವಮ್ಮಾ" ಅಂತ ತೆಲುಗಿನಲ್ಲೇ ಕೇಳಿದೆ. ಅವ್ವ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ತಾನೂ ತೆಲುಗಿನಲ್ಲೇ ಅಂದಳು: "ಬಸ್ಸು ಲೇಟು ಅಯಿಂದಂಡಿ."

ಅಂಡಿ ಅಂದರೆ ನಮ್ಮ "ರೀ" ಇದ್ದ ಹಾಗೆ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನಮ್ಮ ತಾಲೂಕಿನಲ್ಲಿ ಭತ್ತ ಬೆಳೆಯುವ ರೈತರ ಕ್ಯಾಂಪುಗಳಿವೆ. ಅವ್ವ ತೆಲುಗು ಕಲಿತದ್ದು ಅಲ್ಲಿ ನಾಟಿ ಹಚ್ಚಲಿಕ್ಕೆ ಹೋಗಿ, ಧಣಿಗಳ ಜೊತೆ ಮಾತಾಡಿ. ಅವಳಿಗೆ ಬರುವ ತೆಲುಗಿನಲ್ಲಿ ಅಂಡಿ ಇಲ್ಲದ ವಾಕ್ಯವೇ ಇಲ್ಲ. ಹೆತ್ತ ಮಗನಿಗೆ ಅಂಡಿ ಹಚ್ಚಿ ಉತ್ತರ ಕೊಟ್ಟಳು. ಗೆಳೆಯರಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ, ಒಬ್ಬನು ನಮಸ್ಕಾರ ಮಾಡಿದ. ಸಂಜೆ ಇಮ್ಲಿಬನ್ ಬಸ್ ಸ್ಟ್ಯಾಂಡಿಗೆ ಹೋಗುವಾಗ ಅವ್ವ ಕನ್ನಡದಲ್ಲೇ ಊರಿನ ಸುದ್ದಿಯೆಲ್ಲ ಹೇಳಿದಳು. ಆ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುವಾರ ನಾನು ಈ ಕೂಟಕ್ಕೆ ಹೆಸರು ಕೊಟ್ಟೆ.

ಅಂದರೆ ರೂಪ ಬದಲಿಸಿದವನು ನಾನು, ಖರ್ಚು ಬಿದ್ದದ್ದು ಅವ್ವನ ಖಾತೆಗೆ. ನಾನು ಹೇಳಿದ ಕಟ್ಟಳೆಯ ಪ್ರಕಾರ ಅದು ದೇವತೆಗಳ ಪದ್ಧತಿ. ಮನುಷ್ಯನಾಗಿ ಇರುವವನು ಹಾಗೆ ಮಾಡಬಾರದಿತ್ತು. ತೆಲುಗು ಕಲಿಯಬಾರದಿತ್ತು ಅಂತ ಅಲ್ಲ. ತೆಲುಗು ಸವಿಯಾದ ಭಾಷೆ, ನಾನು ಇವತ್ತೂ ಮಾತಾಡುತ್ತೇನೆ, ಚಹಾದಂಗಡಿಯಲ್ಲಿ ದಖ್ಖನಿಯನ್ನೂ ಮಾತಾಡುತ್ತೇನೆ. ನಳನಿಗೆ ನಾಗ ಕೊಟ್ಟ ಆ ಎರಡು ಬಟ್ಟೆ ಎಲ್ಲಿಟ್ಟಿದ್ದೇನೆ ಅನ್ನುವುದು ಗೊತ್ತಿರಬೇಕಾಗಿತ್ತು, ಅಷ್ಟೆ.

ಗೆಳೆಯ ಒಂದು ಆಕ್ಷೇಪ ಎತ್ತಬಹುದು, ಅವನು ಎತ್ತುವ ಮೊದಲು ನಾನೇ ಹೇಳಿಬಿಡುತ್ತೇನೆ. ಈ ಜಾತಿಭೇದವನ್ನೆಲ್ಲ ತೆಗೆದುಹಾಕಿದ ಕವಿ ನಮ್ಮಲ್ಲೇ ಇದ್ದಾನೆ. ಅಭಿನವಪಂಪನೆಂದು ಹೆಸರಾದ ನಾಗಚಂದ್ರ. ಸುಮಾರು 1100ರ ಹೊತ್ತಿನ ಅವನ ರಾಮಾಯಣದಲ್ಲಿ, ಜೈನ ಸಂಪ್ರದಾಯದಂತೆ, ಹನುಮಂತ ಸುಗ್ರೀವರು ಕೋತಿಗಳಲ್ಲ, ಬಾವುಟದ ಮೇಲೆ ಕಪಿಯ ಚಿಹ್ನೆ ಇರುವ ವಿದ್ಯಾಧರರು. ರಾವಣನೂ ವಿದ್ಯಾಧರನೇ, ರಾಕ್ಷಸ ಅನ್ನುವುದು ವಂಶದ ಹೆಸರು. ಬೇರೆ ಬೇರೆ ರೂಪ ತಾಳುವ ಶಕ್ತಿ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಬಹುರೂಪಿಣಿ ಎಂಬ ವಿದ್ಯೆಗಾಗಿ ಜಿನಾಲಯದಲ್ಲಿ ಕೂತು, ಎದುರಾಳಿಗಳು ಬಂದು ಎಷ್ಟು ಕಾಡಿದರೂ ಅಲುಗದೆ ಸಾಧಿಸಿಕೊಳ್ಳುತ್ತಾನೆ. ಇದನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು. ರೂಪ ಬದಲಿಸುವುದು ಜಾತಿಯಲ್ಲ, ಕಲಿತ ವಿದ್ಯೆ ಅಂದಮೇಲೆ ನನ್ನಂಥವನಿಗೂ ಜಾಗವಿದೆ. ಆದರೆ ನಾಗಚಂದ್ರ ನನ್ನ ಲೆಕ್ಕವನ್ನು ಕೆಡಿಸುವುದಿಲ್ಲ. ಅಲ್ಲಿ ಖರ್ಚು ಮೊದಲೇ ಕಟ್ಟಬೇಕು, ತಪಸ್ಸಿನಲ್ಲಿ. ನಾನು ಇಂಟರ್ನಲ್ ಪರೀಕ್ಷೆಗೆ ಮೂರು ರಾತ್ರಿ ನಿದ್ದೆಗೆಟ್ಟು ಇಂಗ್ಲಿಷಿನಲ್ಲಿ ಬರೆದದ್ದು ಅಂಥದೇ ಒಂದು ವಿದ್ಯೆ ಇರಬೇಕು. ಅದರ ಖರ್ಚು ನನ್ನದೇ ಖಾತೆಗೆ ಬಿತ್ತು, ಅವ್ವನಿಗೆ ಬೀಳಲಿಲ್ಲ.

ಆ ಇಂಗ್ಲಿಷ್ ಪುಸ್ತಕದ ಮೇಲೆ ನನಗೆ ಹಗೆಯೇನೂ ಇಲ್ಲ. ಜಗಳವಾದ ಮೇಲೆ ಗೆಳೆಯನೇ ಅದರ ಮೂರನೆಯ ಭಾಗ ಕೊಟ್ಟ, ಡಿಕ್ಷನರಿ ಇಟ್ಟುಕೊಂಡು ಓದಿದೆ. ಅದರಲ್ಲಿ ಲೂಪಿನ್ ಅನ್ನುವ ಮೇಷ್ಟ್ರು ಒಬ್ಬರಿದ್ದಾರೆ, ತೋಳಮನುಷ್ಯ. ಒಳ್ಳೆಯ ಮೇಷ್ಟ್ರು. ಗುಟ್ಟು ಹೊರಬಿದ್ದಾಗ, ಮಕ್ಕಳ ತಂದೆತಾಯಿಗಳು ತನ್ನನ್ನು ಇಟ್ಟುಕೊಳ್ಳಲು ಒಪ್ಪುವುದಿಲ್ಲ ಅಂತ ತಾವೇ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಾರೆ. ಆ ಪುಟ ಓದುವಾಗ ನನಗೆ ಮಾರೀಚ ನೆನಪಾದ. ಗೆಳೆಯ ಕೂಟದಲ್ಲಿ ಹುಣ್ಣಿಮೆಯ ಕಟ್ಟಳೆ ಹೇಳಿದ, ಕಷಾಯದ ಗಂಟೆಯ ಲೆಕ್ಕ ಹೇಳಿದ, ಈ ಪುಟದ ಮಾತೇ ಎತ್ತಲಿಲ್ಲ. ಅದಕ್ಕೇ ಅವನಿಗೆ ನಮ್ಮ ಕಥೆಗಳಲ್ಲೂ ಏನೂ ಕಾಣಲಿಲ್ಲ ಅಂತ ನನ್ನ ಅನುಮಾನ.

ಸಣ್ಣವನಿದ್ದಾಗ ನಮ್ಮೂರಿಗೆ ಹಗಲುವೇಷದವರು ಬರುತ್ತಿದ್ದರು. ಇಲ್ಲಿ ಪಗಟಿ ವೇಷಾಲು ಅನ್ನುತ್ತಾರೆ, ಅದೇ ಮಾತು, ಅದೇ ಆಟ. ದೀಪವಿಲ್ಲ, ರಂಗವಿಲ್ಲ, ಉರಿಬಿಸಿಲಿನಲ್ಲಿ ಬೀದಿಯಲ್ಲೇ ಒಂದು ದಿನ ರಾಮ, ಒಂದು ದಿನ ಶೂರ್ಪನಖಿ. ಬೆವರಿಗೆ ಬಣ್ಣ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ಕೊನೆಯ ದಿನ ಜೋಳ ಕೇಳಲಿಕ್ಕೆ ಮನೆಮನೆಗೆ ಬರುವಾಗ ಬಣ್ಣ ಇರುತ್ತಿರಲಿಲ್ಲ. ಹನುಮಂತ ಆಗಿದ್ದವನು ಬಾಲ ಸುತ್ತಿ ಚೀಲದೊಳಗೆ ಹಾಕಿಕೊಂಡು ಬಂದಿದ್ದ. ಅವ್ವ ಒಂದು ಸೇರು ಹಾಕಿದಳು. ಅವನು ಚೀಲ ಹಾಗೇ ಹಿಡಿದುಕೊಂಡು "ಲಂಕಾ ಸುಟ್ಟೀನಿ ಯವ್ವಾ, ಇನ್ನೊಂದು ಸೇರು ಹಾಕು" ಅಂದ. ಅವ್ವ ನಗುತ್ತ ಹಾಕಿದಳು.

ಬರುವ ಶನಿವಾರ ಕೂಟ ಇದೆ. ಗೆಳೆಯ ಇದನ್ನು ಓದಿಕೊಂಡೇ ಬರುತ್ತಾನೆ, ಘಟೋತ್ಕಚ ಅರ್ಧ ರಾಕ್ಷಸ ಅರ್ಧ ಮನುಷ್ಯ, ಅವನಿಗೆ ಯಾವ ಕಟ್ಟಳೆ ಅಂತ ಕೇಳೇ ಕೇಳುತ್ತಾನೆ. ಅದಕ್ಕೆ ಉತ್ತರ ಇಟ್ಟುಕೊಂಡಿದ್ದೇನೆ, ಇಲ್ಲಿ ಬರೆದರೆ ಸ್ಟೆನ್ಸಿಲ್ ಮುಗಿಯುತ್ತದೆ. ಚಹಾದ ಖರ್ಚು ಸೋತವರದು.